ಹನ್ನೊಂದು ನಿಮಿಷ ಆಡುವ ಹುಡುಗ

ನಾನು ಬರೆದ ಒಂದು ವರದಿಯನ್ನು ಲ್ಯಾಪ್‌ಟಾಪಿನಲ್ಲಿ ಇನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ. ಹದಿನೇಳು ವರ್ಷದ ಹುಡುಗನೊಬ್ಬನ ಬಗ್ಗೆ ನಾಲ್ಕೇ ಸಾಲು: "ಎತ್ತರ ಚೆನ್ನಾಗಿದೆ. ಅಂಕ ಗಳಿಸುವ ಹಸಿವಿಲ್ಲ. ಪಂದ್ಯಕ್ಕೆ ಹನ್ನೊಂದು ನಿಮಿಷ, ಮೂರು ಅಂಕ. ಮತ್ತೆ ನೋಡುವ ಅಗತ್ಯವಿಲ್ಲ." ಕೊನೆಯ ಸಾಲು ಪೂರ್ತಿ ತಪ್ಪು. ಅದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಬೆಂಗಳೂರಿನಲ್ಲಿ ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು ನಾನು. ಉದ್ಯೋಗಕ್ಕೆಂದು ಮ್ಯೂನಿಕ್‌ಗೆ ಬಂದೆ. ವಾರವಿಡೀ ಕಚೇರಿ, ಶನಿವಾರ ಭಾನುವಾರ ಕ್ರೀಡಾಂಗಣ. ಪ್ರತಿಭೆಗಳನ್ನು ಹುಡುಕುವ ಒಂದು ಸಣ್ಣ ಸ್ಕೌಟಿಂಗ್ ಸಂಸ್ಥೆಗೆ ಯುರೋಪಿನ ಎಳೆಯ ಆಟಗಾರರ ಬಗ್ಗೆ ವರದಿ ಬರೆಯುತ್ತೇನೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ ಇವರಲ್ಲಿ ಯಾರಿಗೆ ಜಾಗ ಸಿಗಬಹುದು ಎಂಬುದೇ ಪ್ರಶ್ನೆ. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂತಲ್ಲ. ಯಾರೂ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರ ಹೆಸರು ಹೇಳುತ್ತವೆ. ಎರಡು ಸುತ್ತು, ಹೆಚ್ಚೆಂದರೆ 60 ಹೆಸರು. ಯುರೋಪಿನ ಹುಡುಗ 19 ತುಂಬುವ ವರ್ಷದಿಂದ ಹೆಸರು ಕೊಡಬಹುದು, 22 ತುಂಬುವ ವರ್ಷದಲ್ಲಿ ಕೊಡದಿದ್ದರೂ ತಾನಾಗಿಯೇ ಪಟ್ಟಿಗೆ ಸೇರುತ್ತಾನೆ. ಹಾಗಾಗಿ ನಮ್ಮ ಕೆಲಸ ಅವರು ಹದಿನಾರು, ಹದಿನೇಳರಲ್ಲಿ ಇರುವಾಗಲೇ ಶುರುವಾಗುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಆ ಮೊಳಕೆ ಯಾವ ಮರದ ನೆರಳಿನಲ್ಲಿದೆ ಎಂಬುದನ್ನು ನಾನು ನೋಡಿರಲಿಲ್ಲ.

ಅಮೆರಿಕದ ಕಾಲೇಜು ಹುಡುಗ ಹೆಚ್ಚುಕಡಿಮೆ ತನ್ನ ವಯಸ್ಸಿನವರೊಡನೆ ಆಡುತ್ತಾನೆ. ಯುರೋಪಿನ ಹುಡುಗ ಮೂವತ್ತು ದಾಟಿದ, ಮನೆಯಲ್ಲಿ ಎರಡು ಮಕ್ಕಳಿರುವ ಗಂಡಸರೊಡನೆ ಆಡುತ್ತಾನೆ. ಅವರಿಗೆ ಈ ಆಟವೇ ಸಂಬಳ. ಕೋಚ್‌ಗೆ ಈ ಶನಿವಾರದ ಪಂದ್ಯ ಗೆಲ್ಲಬೇಕು, ಹುಡುಗನ ಭವಿಷ್ಯ ಆಮೇಲಿನ ಮಾತು. ಅಂಥ ಕಡೆ ಹದಿನೇಳು ವರ್ಷದವನಿಗೆ ಹನ್ನೊಂದು ನಿಮಿಷ ಸಿಕ್ಕಿದೆ ಎಂದರೆ ಯಾರೋ ಅವನನ್ನು ನಂಬಿದ್ದಾರೆ ಎಂದರ್ಥ. ಈಗ ಎನ್‌ಬಿಎ ತಾರೆಯಾಗಿರುವ ಲುಕಾ ಡಾನ್ಸಿಚ್‌ನನ್ನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ 16ನೇ ವಯಸ್ಸಿಗೆ ಹಿರಿಯರ ತಂಡದಲ್ಲಿ ಆಡಿಸಿತು. 2018ರಲ್ಲಿ, 19ರ ಹರೆಯದಲ್ಲಿ, ಅವನು ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಯೂರೋಲೀಗ್‌ನ ಅತ್ಯುತ್ತಮ ಆಟಗಾರನಾದ. ಅಷ್ಟಾದರೂ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಎರಡು ತಂಡಗಳು ಬೇರೆಯವರ ಹೆಸರು ಹೇಳಿದವು. ಮೂರನೆಯದಾಗಿ ಅವನನ್ನು ಆರಿಸಿದ ಅಟ್ಲಾಂಟಾ ಕೂಡ ಅದೇ ರಾತ್ರಿ ಡಲ್ಲಾಸ್‌ಗೆ ಬಿಟ್ಟುಕೊಟ್ಟಿತು. ಯುರೋಪಿನ ನಿಮಿಷಗಳ ತೂಕವನ್ನು ಅಳೆಯಲು ದೊಡ್ಡವರಿಗೂ ಆಗಿರಲಿಲ್ಲ.

ಆದರೆ ಎಲ್ಲ ನಿಮಿಷಗಳೂ ಒಂದೇ ಅಲ್ಲ. ಮುಂದೆ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದ ನಿಕೋಲಾ ಯೋಕಿಚ್ ಬೆಲ್‌ಗ್ರೇಡ್‌ನ ಮೆಗಾ ಕ್ಲಬ್ಬಿನಿಂದ ಬಂದವನು. ಹುಡುಗರನ್ನೇ ಮುಂದಿಟ್ಟುಕೊಂಡು ಆಡುವ ಕ್ಲಬ್ ಅದು. 2014ರಲ್ಲಿ ಅವನ ಸರದಿ ಬಂದದ್ದು 41ನೆಯದಾಗಿ. ಅವನಂತೆಯೇ ದೊಡ್ಡ ತಾರೆಯಾದ ಯಾನಿಸ್ ಆಂಟೆಟೊಕೂಂಪೊ ಗ್ರೀಸ್‌ನ ಎರಡನೇ ದರ್ಜೆಯ ಲೀಗ್‌ನಿಂದ ಬಂದು 2013ರಲ್ಲಿ 15ನೆಯವನಾಗಿ ಆಯ್ಕೆಯಾದ. ಇನ್ನೊಂದು ಕಡೆ ಡ್ರಾಗನ್ ಬೆಂಡರ್. ಮಕ್ಕಾಬಿ ಟೆಲ್ ಅವೀವ್‌ನಂಥ ದೊಡ್ಡ ಕ್ಲಬ್ಬಿನಲ್ಲಿ ಅವನಿಗೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. 2016ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾಗಿ ನಾಲ್ಕು ಸೀಸನ್‌ಗಳಲ್ಲಿ ಎನ್‌ಬಿಎಯಿಂದ ಹೊರಬಿದ್ದ. ಹಾಗಾಗಿ ಕಡಿಮೆ ಆಡಿಸಿದರೆ ಹುಡುಗ ಒಳ್ಳೆಯವನೇ ಇರಬೇಕು ಎಂಬ ಸೂತ್ರವೂ ನಡೆಯುವುದಿಲ್ಲ. ಆ ನಿಮಿಷಗಳ ಒಳಗೆ ಏನಿದೆ ಎಂದು ಬಿಡಿಸಿ ನೋಡಲೇಬೇಕು.

ನನ್ನ ಆ ಹುಡುಗ ದಕ್ಷಿಣ ಜರ್ಮನಿಯ ಒಂದು ಕ್ಲಬ್ಬಿನವನು. ಅವನಿನ್ನೂ ಚಿಕ್ಕವನು, ಹೆಸರು ಬೇಡ. ಜರ್ಮನಿಯಲ್ಲಿ ಒಂದು ಅನುಕೂಲವಿದೆ: ಒಬ್ಬನೇ ಹುಡುಗ 19 ವರ್ಷದೊಳಗಿನವರ ಲೀಗ್, ಮೂರನೇ ದರ್ಜೆಯ ಪ್ರೋಬಿ ಲೀಗ್, ಬ್ಯಾಸ್ಕೆಟ್‌ಬಾಲ್‌ನ ಮೊದಲ ದರ್ಜೆಯ ಬುಂಡೆಸ್‌ಲಿಗಾ ಮೂರರಲ್ಲೂ ಆಡಬಹುದು. ವರದಿ ಕಳುಹಿಸಿ ವರ್ಷ ಕಳೆದ ಮೇಲೆ, ಬೇರೊಬ್ಬನನ್ನು ನೋಡಲೆಂದು ಹೋಗಿದ್ದ ಪ್ರೋಬಿ ಪಂದ್ಯದಲ್ಲಿ ಇವನು ಕಣ್ಣಿಗೆ ಬಿದ್ದ. ಎದುರಾಳಿಗಳು ಮೂಲೆಗೆ ಇನ್ನೂ ಚೆಂಡು ಕೊಟ್ಟಿರಲಿಲ್ಲ. ಇವನು ಆಗಲೇ ಬೆರಳು ತೋರಿಸಿ ತನ್ನ ಜೊತೆಯವನನ್ನು ಅಲ್ಲಿಗೆ ಓಡಿಸಿದ. ಚೆಂಡು ಅಲ್ಲಿಗೇ ಹೋಯಿತು. ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಆಮೇಲೆ ನಾನು ಬೇರೆಯವನನ್ನು ನೋಡಲೇ ಇಲ್ಲ.

ಮನೆಗೆ ಬಂದು ಅವನ ಹಳೆಯ ಬುಂಡೆಸ್‌ಲಿಗಾ ಪಂದ್ಯಗಳ ವಿಡಿಯೊ ತೆಗೆದೆ. ಪ್ರತಿ ಪಂದ್ಯದ ಆ ಹನ್ನೊಂದು ನಿಮಿಷಗಳನ್ನು ನಾಲ್ಕು ಸಲ ನೋಡಿದೆ. ಮೊದಲ ಸಲ ಬರೀ ಕಾಲುಗಳು: ರಕ್ಷಣೆಯಲ್ಲಿ ಪಾದ ಮೊದಲು ತಿರುಗುತ್ತದೆಯೋ ಸೊಂಟವೋ, ಎದುರಾಳಿ ಅಡ್ಡ ನಿಂತಾಗ ಅವನನ್ನು ಬಳಸಿ ಹೋಗುತ್ತಾನೋ ಗುದ್ದಿ ನಿಲ್ಲುತ್ತಾನೋ. ಎರಡನೇ ಸಲ ಚೆಂಡು ಕೈಯಲ್ಲಿ ಇಲ್ಲದಾಗ ಏನು ಮಾಡುತ್ತಾನೆ. ಮೂರನೇ ಸಲ ಚೆಂಡು ಇದ್ದಾಗ. ನಾಲ್ಕನೇ ಸಲ, ತಪ್ಪು ಮಾಡಿದ ಮೇಲಿನ ಒಂದೆರಡು ನಿಮಿಷ ಮಾತ್ರ. ಈ ನಾಲ್ಕನೆಯದು ನನಗೆ ಅತಿ ಮುಖ್ಯ. ಚೆಂಡು ಕಳೆದುಕೊಂಡ ಹುಡುಗ ಬೆಂಚಿನ ಕಡೆ ಕೋಚ್ ಮುಖ ನೋಡುತ್ತಾನೋ, ಓಡಿ ತನ್ನ ಜಾಗ ಹಿಡಿಯುತ್ತಾನೋ? ಇವನು ಒಂದು ಸಲವೂ ಬೆಂಚಿನ ಕಡೆ ನೋಡಿರಲಿಲ್ಲ. ಅವನಲ್ಲಿ ಹಸಿವಿಲ್ಲ ಎಂದು ನಾನು ಬರೆದದ್ದು ಎಂಥ ಅನ್ಯಾಯ ಎಂದು ಆ ರಾತ್ರಿ ಅನ್ನಿಸಿತು. ತಂಡ ಅವನಿಗೆ ಒಪ್ಪಿಸಿದ್ದ ಕೆಲಸದಲ್ಲಿ ಅಂಕ ಗಳಿಸುವುದು ಇರಲೇ ಇಲ್ಲ. ಒಪ್ಪಿಸಿದ ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡುತ್ತಿದ್ದ.

ಅಂಕಿಗಳನ್ನು ನಾನು ಬಿಟ್ಟಿಲ್ಲ, ಓದುವ ಕ್ರಮ ಬದಲಿಸಿಕೊಂಡಿದ್ದೇನೆ. ಯುರೋಪಿನಲ್ಲಿ ಪಂದ್ಯ 40 ನಿಮಿಷ, ಎನ್‌ಬಿಎಯಲ್ಲಿ 48. ಅಂತರರಾಷ್ಟ್ರೀಯ ನಿಯಮದಲ್ಲಿ ರಕ್ಷಣೆಗೆ ನಿಂತ ಎತ್ತರದವನು ಬುಟ್ಟಿಯ ಕೆಳಗೆ ಎಷ್ಟು ಹೊತ್ತಾದರೂ ಕಾದು ನಿಲ್ಲಬಹುದು. ಎನ್‌ಬಿಎಯಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ತಪ್ಪು. ಆದ್ದರಿಂದ ಇಲ್ಲಿ ಒಳನುಗ್ಗುವ ಹುಡುಗನಿಗೆ ಗೋಡೆಯೇ ಎದುರಾಗುತ್ತದೆ. ಬುಟ್ಟಿಯ ಬಳಿ ಅವನ ಯಶಸ್ಸು ಕಡಿಮೆ ಕಂಡರೆ ಅದನ್ನು ಉದಾರವಾಗಿ ಓದುತ್ತೇನೆ. ಯಾವ ಗೆರೆಯ ಆಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕವೋ ಆ ಗೆರೆಯ ವಿಷಯದಲ್ಲಿ ಮಾತ್ರ ಉದಾರತೆ ಇಲ್ಲ. ಇಲ್ಲಿ ಅದು ಬುಟ್ಟಿಯಿಂದ 6.75 ಮೀಟರ್, ಎನ್‌ಬಿಎಯಲ್ಲಿ ಮೂಲೆಗಳನ್ನು ಬಿಟ್ಟು 7.24. ಹಾಗಾಗಿ ಎಸೆದ ಚೆಂಡು ಬಿತ್ತೋ ಇಲ್ಲವೋ ಎನ್ನುವುದಕ್ಕಿಂತ ಮೊದಲು ಎಸೆಯುವಾಗ ಪಾದ ಎಲ್ಲಿತ್ತು ಎಂದು ಬರೆದುಕೊಳ್ಳುತ್ತೇನೆ. ಗೆರೆಗೆ ಅರ್ಧ ಮೀಟರ್ ಹಿಂದೆ ನಿಂತು ಆರಾಮವಾಗಿ ಎಸೆಯುವವನು ನನಗೆ ಬೇಕು. ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಹುಡುಗನ ಎಸೆತದ ಗುಣವನ್ನು ನೇರವಾಗಿ ಹೇಳುತ್ತದೆ, ಆದರೆ ಹನ್ನೊಂದು ನಿಮಿಷ ಆಡುವವನಿಗೆ ವರ್ಷಕ್ಕೆ ನಲವತ್ತು ಸಿಕ್ಕರೆ ಹೆಚ್ಚು. ನಲವತ್ತರಿಂದ ಏನೂ ತಿಳಿಯದು. ಕ್ಲಬ್ಬಿನವು, ಕಿರಿಯರ ರಾಷ್ಟ್ರೀಯ ತಂಡದವು ಎಲ್ಲವನ್ನೂ ಮೂರು ವರ್ಷದಿಂದ ಒಟ್ಟು ಹಾಕಿ ನೋಡುತ್ತೇನೆ.

ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳುತ್ತೇನೆ. ಒಂದೇ ವಯೋವರ್ಗದಲ್ಲಿ ಜನವರಿಯವನಿಗೂ ಡಿಸೆಂಬರಿನವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹದಿನಾರರಲ್ಲಿ ಒಂದು ವರ್ಷವೆಂದರೆ ಎತ್ತರದಲ್ಲೂ ಮೈಕಟ್ಟಿನಲ್ಲೂ ಎದ್ದು ಕಾಣುವ ವ್ಯತ್ಯಾಸ. ನನ್ನ ಹುಡುಗ ನವೆಂಬರಿನವನು, ಮೊದಲ ವರದಿಯಲ್ಲಿ ಅದನ್ನು ಗಮನಿಸಿಯೇ ಇರಲಿಲ್ಲ.

ಕ್ರೀಡಾಂಗಣಕ್ಕೆ ಪಂದ್ಯಕ್ಕಿಂತ ಒಂದೂಕಾಲು ಗಂಟೆ ಮೊದಲೇ ಹೋಗುತ್ತೇನೆ. ಆಟಗಾರರು ಸಾಲಾಗಿ ನಿಂತಾಗ ತೋಳು ಇಳಿಬಿಟ್ಟಿರುತ್ತಾರೆ; ಬೆರಳ ತುದಿ ಮೊಣಕಾಲಿನಿಂದ ಎಷ್ಟು ಮೇಲಿದೆ ಎಂದು ನೋಡಿದರೆ ತೋಳಿನ ಉದ್ದದ ಅಂದಾಜು ಸಿಗುತ್ತದೆ. ಎತ್ತರ ಎಲ್ಲರಿಗೂ ಕಾಣುತ್ತದೆ, ಆದರೆ ಬುಟ್ಟಿಯ ಬಳಿ ಕೆಲಸಕ್ಕೆ ಬರುವುದು ಚಾಚಿದ ಕೈ. ಆಮೇಲೆ ಗ್ಯಾಲರಿಯಲ್ಲಿ ಕುಳಿತ ತಂದೆತಾಯಿಯನ್ನು ನೋಡುತ್ತೇನೆ. ಇವನ ತಾಯಿ ನನಗಿಂತ ಒಂದು ತಲೆ ಎತ್ತರ. ಮಾತನಾಡಿಸಿದಾಗ, ಆರು ತಿಂಗಳಲ್ಲಿ ಎರಡು ಸಲ ಶೂ ಬದಲಿಸಬೇಕಾಯಿತು ಎಂದರು. ಹುಡುಗ ಇನ್ನೂ ಬೆಳೆಯುತ್ತಿದ್ದಾನೆ ಎಂದು ಪುಸ್ತಕದಲ್ಲಿ ಗೀಟು ಹಾಕಿ ಬರೆದುಕೊಂಡೆ.

ಎರಡನೇ ವರದಿ ಆರು ಪುಟ ಆಯಿತು. ಸಂಸ್ಥೆಯ ಹಿರಿಯರು ಫೋನ್ ಮಾಡಿ, "ಹೋದ ವರ್ಷ ಬೇಡ ಎಂದಿದ್ದಿರಲ್ಲ?" ಎಂದು ಕೇಳಿದರು. ತಪ್ಪಾಗಿತ್ತು ಎಂದು ಹೇಳಿ, ಎರಡೂ ವರದಿಗಳನ್ನು ಒಟ್ಟಿಗೆ ಕಳುಹಿಸಿದೆ. ಓದುವವರಿಗೆ ನನ್ನ ಅಂದಾಜು ಎಲ್ಲಿ ಜಾರಿತು ಎನ್ನುವುದೂ ತಿಳಿಯಬೇಕು.

ಈಗ ಈ ಕೆಲಸದ ನೆಲವೇ ಕದಲುತ್ತಿದೆ. ಆಟಗಾರರಿಗೆ ಹಣ ಸಿಗುವಂತಾದ ಮೇಲೆ ಅಮೆರಿಕದ ಕಾಲೇಜುಗಳು ಯುರೋಪಿನ ಹದಿನೆಂಟರ ಹುಡುಗರನ್ನು ಕರೆಯುತ್ತಿವೆ. 2025ರ ಡ್ರಾಫ್ಟ್‌ನಲ್ಲಿ 8ನೆಯವನಾದ ಯೆಗೋರ್ ಡ್ಯೋಮಿನ್ ರಿಯಲ್ ಮ್ಯಾಡ್ರಿಡ್ ಬಿಟ್ಟು ಅಲ್ಲಿಯ ಕಾಲೇಜಿಗೆ ಹೋಗಿದ್ದವನು. 20ನೆಯವನಾದ ಕಾಸ್ಪರಾಸ್ ಯಾಕುಚೋನಿಸ್ ಬಾರ್ಸಿಲೋನಾ ಬಿಟ್ಟವನು. ನನ್ನ ಹುಡುಗನಿಗೂ ಕರೆ ಬಂತು. ಅವನ ತಾಯಿ, "ನೀವೇನು ಹೇಳುತ್ತೀರಿ?" ಎಂದು ಕೇಳಿದರು. ಸಲಹೆ ಕೊಡುವ ಜಾಗದಲ್ಲಿ ನಾನಿರಲಿಲ್ಲ. ಅಲ್ಲಿ ಇವನಿಗೆ ಮೂವತ್ತು ನಿಮಿಷ ಸಿಗಬಹುದು, ಇಲ್ಲಿ ಹನ್ನೊಂದೇ ಸಿಗಬಹುದು, ಎರಡರಲ್ಲೂ ಕಲಿಯುವುದು ಬೇರೆ ಬೇರೆ ಎಂದಷ್ಟೇ ಹೇಳಿದೆ.

ಅವನು ಹೋದ. ಈಗ ಅವನ ಪಂದ್ಯಗಳು ಇಲ್ಲಿ ನಡುರಾತ್ರಿ ಎರಡು ಗಂಟೆಗೆ ಶುರುವಾಗುತ್ತವೆ. ಕಾಫಿ ಮಾಡಿಕೊಂಡು ಕೂರುತ್ತೇನೆ. ಅಂಕಗಳು ಹೆಚ್ಚಿವೆ, ಎಸೆತಗಳೂ ಹೆಚ್ಚಿವೆ. ಹೋದ ವಾರ ಎದುರಾಳಿ ಎಡಮೂಲೆಗೆ ಚೆಂಡು ಕಳುಹಿಸುವ ಮುಂಚೆಯೇ ಅವನ ಬೆರಳು ಆ ಕಡೆ ಚಾಚಿತ್ತು. ಜೊತೆಯವನು ಗಮನಿಸಲಿಲ್ಲ, ಮೂರು ಅಂಕ ಹೋಯಿತು. ವಿಡಿಯೊ ನಿಲ್ಲಿಸಿ, ಸಮಯ ಬರೆದುಕೊಂಡೆ: ಎರಡನೇ ಅವಧಿ, 6 ನಿಮಿಷ 40 ಸೆಕೆಂಡ್.