.284ಕ್ಕೆ ಥ್ರೋಟ್ ಚಿಕ್ಕದಾಗಿ ಶುರು ಮಾಡಿ: ನನ್ನ ಅನುಭವ

ರೈಫಲ್ ಬ್ಯಾರಲ್‌ನ ಥ್ರೋಟನ್ನು (ತೋಟೆ ಕೂರುವ ಜಾಗದ ಮುಂದೆ, ತಿರುವು ಏಣುಗಳು ಶುರುವಾಗುವ ತನಕದ ಭಾಗ) ಚಿಕ್ಕದಾಗಿ ಕೊರೆದು, ಆಮೇಲೆ ಕೈಯಲ್ಲೇ ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತೇನೆ ಅಂದಾಗ ಫೀನಿಕ್ಸ್‌ನ ಬೆನ್ ಏವರಿ ರೇಂಜಿನಲ್ಲಿ ನನ್ನ ಜೊತೆಯವರು ಒಪ್ಪಲಿಲ್ಲ. ಹೇಗೂ ಸವೆದು ಉದ್ದ ಆಗುತ್ತೆ, ಸುಮ್ನೆ ಯಾಕೆ ಒದ್ದಾಟ ಅಂದರು. ಈಗ ಅವರಲ್ಲೇ ಇಬ್ಬರು ನನ್ನ ರೀಮರ್ (ಕೊರೆಯುವ ಉಪಕರಣ) ಕೇಳುತ್ತಿದ್ದಾರೆ.

.284 ವಿಂಚೆಸ್ಟರ್ 1963ರ ತೋಟೆ. ಮಾಡೆಲ್ 88 ಲಿವರ್ ರೈಫಲಿಗೆ ಹಿಡಿಸಲಿ ಅಂತ ಒಟ್ಟು ಉದ್ದವನ್ನು 2.8 ಇಂಚಿಗೆ ನಿಲ್ಲಿಸಿದ್ದರು. ಎಫ್-ಓಪನ್‌ಗೆ (ಮಲಗಿ ದೂರದ ಗುರಿಗೆ ಹೊಡೆಯುವ ಸ್ಪರ್ಧೆ) ನಾವು ಹಾಕುವುದು 180 ಗ್ರೇನಿನ ಉದ್ದ ಹೈಬ್ರಿಡ್ ಗುಂಡು. ಹಳೇ ಅಳತೆಯ ಥ್ರೋಟಿನಲ್ಲಿ ಅದರ ಬುಡ ಕೇಸಿನ ನೆಕ್ (ಕತ್ತು) ದಾಟಿ ಒಳಗೆ ಇಳಿಯುತ್ತದೆ, ಡೋನಟ್‌ಗೆ (ಕತ್ತಿನ ಬುಡದಲ್ಲಿ ಒಳಗೆ ಉಬ್ಬುವ ಹಿತ್ತಾಳೆ ಉಂಗುರ) ಸಿಕ್ಕಿಕೊಳ್ಳುತ್ತದೆ. ಹಿಡಿತ ಒಂದೊಂದು ತೋಟೆಗೆ ಒಂದೊಂದು ಥರ, ಅದರಿಂದ ವೇಗವೂ. ವೇಗದಲ್ಲಿ ಸೆಕೆಂಡಿಗೆ 20 ಅಡಿ ಹೆಚ್ಚುಕಮ್ಮಿಯಾದರೆ 1000 ಗಜದಲ್ಲಿ ಸುಮಾರು ನಾಲ್ಕು ಇಂಚು ಮೇಲೆ-ಕೆಳಗೆ. ಎಕ್ಸ್ ರಿಂಗ್ (ಟಾರ್ಗೆಟ್‌ನ ನಟ್ಟನಡುವಿನ ವೃತ್ತ) ಇರುವುದೇ ಐದು ಇಂಚು!

ಮೊದಲ ಎರಡು ಬ್ಯಾರಲ್‌ಗಳನ್ನು ಒಂದು ಅಂಗಡಿಯಲ್ಲಿ ಮಾಡಿಸಿದ್ದೆ. ಬ್ಲ್ಯಾಂಕು (ಕಚ್ಚಾ ಬ್ಯಾರಲ್), ಕೊರೆತ, ಫಿಟ್ಟಿಂಗ್ ಸೇರಿ ಒಂದೊಂದಕ್ಕೆ 800 ಡಾಲರ್ ಹತ್ತಿರ. ಬೋರ್‌ಸ್ಕೋಪ್ (ಬ್ಯಾರಲ್ ಒಳಗೆ ನೋಡುವ ಉಪಕರಣ) ಹಾಕಿದರೆ ಒಂದು ಕಡೆ ಲ್ಯಾಂಡ್ಸ್ (ತಿರುವು ಏಣುಗಳು) ಬೇಗ ಶುರು, ಇನ್ನೊಂದು ಕಡೆ ತಡ. ಫ್ರೀಬೋರ್ (ಥ್ರೋಟಿನಲ್ಲಿ ಏಣುಗಳಿಲ್ಲದ ನುಣುಪು ಭಾಗ) ಗುಂಡಿಗಿಂತ ಒಂದೂವರೆ ಥೌ (ಇಂಚಿನ ಸಾವಿರದ ಒಂದು ಭಾಗ) ಸಡಿಲ. ಪೌಡರ್ ಅಳತೆ ಬದಲಿಸಿ ನೋಡಿ ಅಂತ ಅಂಗಡಿಯವರು ಅಂದರು. ಡಬ್ಬಿಗಟ್ಟಲೆ ಎಚ್ 4831 ಪೌಡರ್ ಸುಟ್ಟೆ, ಪ್ರೈಮರ್ ಬದಲಿಸಿದೆ. ಗುಂಡು ಮೇಲೆ-ಕೆಳಗೆ ಬೀಳುವುದು ನಿಲ್ಲಲಿಲ್ಲ. ಎಲ್ಲಾ ಸೇರಿ 2000 ಡಾಲರ್‌ಗಿಂತ ಜಾಸ್ತಿ ಹೋಯಿತು.

ಮೂರನೆಯದನ್ನು ನಾನೇ ಕೊರೆದೆ. ಡಮ್ಮಿ ತೋಟೆ (ಪೌಡರ್ ಇಲ್ಲದ, ಅಳತೆಗೆ ಮಾತ್ರದ್ದು) ಕಳಿಸಿ ರೀಮರ್ ಮಾಡಿಸಿದೆ. ಫ್ರೀಬೋರ್ ಉದ್ದ 160 ಥೌ, ಅಗಲ ಗುಂಡಿಗಿಂತ ಬರೀ ಅರ್ಧ ಥೌ ಜಾಸ್ತಿ. ಅದೇ ಅಗಲದ ಥ್ರೋಟರ್ (ಥ್ರೋಟ್ ಮಾತ್ರ ಉದ್ದ ಮಾಡುವ ಉಪಕರಣ) ಬೇರೆ. ಲೇತ್‌ನಲ್ಲಿ ಡಯಲ್ (ನಡುಮಧ್ಯ ಕೂತಿದೆಯೇ ಅಂತ ನೋಡುವ ಮಾಪಕ) ಇಟ್ಟಿದ್ದು ಬ್ಯಾರಲ್ ಬಾಯಿಗಲ್ಲ, ಥ್ರೋಟ್ ಬೀಳುವ ಜಾಗಕ್ಕೆ. ಪೈಲಟ್ ಬುಶಿಂಗ್ (ರೀಮರ್ ಅಲುಗದಂತೆ ಬ್ಯಾರಲ್ ಒಳಗೆ ಹಿಡಿಯುವ ಉಂಗುರ) ಆರಿಸಲು ನನ್ನದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಮೇಲೆ ಥ್ರೋಟರ್ ಅನ್ನು 15 ಥೌ ಕೈಯಲ್ಲಿ ತಿರುಗಿಸು, ತೊಳೆ, ಬೆಳಗಿನ ಗಾಳಿ ಏಳುವ ಮೊದಲು ಹೊಡೆ, ಮತ್ತೆ 15. ಪೌಡರ್ ಮುಟ್ಟಲಿಲ್ಲ. ಪ್ರತಿ ಸಲ ವೇಗ ಚೂರು ಇಳಿಯುತ್ತಿತ್ತು, ಅಷ್ಟೇ. ಫ್ರೀಬೋರ್ 205 ಥೌ ದಾಟಿದ ಮೇಲೆ ಗುಂಡಿನ ಬುಡ ಡೋನಟ್‌ನಿಂದ ಮೇಲಕ್ಕೆ ಬಂತು. 220ರ ಹತ್ತಿರ ವೇಗದ ವ್ಯತ್ಯಾಸ 10 ಅಡಿಗಿಂತ ಕೆಳಗಿಳಿಯಿತು. 1000 ಗಜದಲ್ಲಿ ಮೇಲೆ-ಕೆಳಗಿನ ಹರಡು ಮೂರು ಇಂಚಿನೊಳಗೆ. ನಮ್ಮ ಸಾಲಿನಲ್ಲಿ ಅಷ್ಟು ಚಪ್ಪಟೆಯಾಗಿ ಬೇರೆ ಯಾರದ್ದೂ ಬೀಳುತ್ತಿರಲಿಲ್ಲ.

ನಡುವೆ ಲೀಡ್ ಕೋನವನ್ನೂ (ಲ್ಯಾಂಡ್ಸ್ ಶುರುವಾಗುವ ಓರೆ) ಕೆಣಕಿದೆ. ಹಳೇ ಬ್ಯಾರಲ್ ಹಿಂಭಾಗದಲ್ಲಿ ಕತ್ತರಿಸಿ, ಒಂದೂವರೆ ಡಿಗ್ರಿ ಬದಲು ಇನ್ನೂ ಓರೆ ಕಡಿಮೆ ಇರುವ ಬಾಡಿಗೆ ಥ್ರೋಟರ್ ಹಾಕಿದೆ. ಟಾರ್ಗೆಟ್ ಮೇಲೆ ಏನೂ ಬದಲಾಗಲಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಊರಿನಿಂದ, ಕೊಡಗಿನ ಕಡೆಯಿಂದ, ಕೆಲವರು ಇದನ್ನು ಮಾಡುವುದು ಹೇಗೆ ಅಂತ ಕೇಳಿದ್ದಾರೆ. ಕೈಲ್ ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದೇ ಬೇರೆ, ಬ್ಯಾರಲ್ ಕೊರೆಯುವುದೇ ಬೇರೆ. ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು, ಮನೆಯಲ್ಲಿ ಕೈ ಹಾಕಬೇಡಿ.

ನನ್ನದರಲ್ಲಿ ನೂರು ಗುಂಡಿಗೆ ಮೂರು-ನಾಲ್ಕು ಥೌ ಸವೆತ ಇದೆ. ಅದಕ್ಕೇ ಮುಂದಿನ ಬ್ಯಾರಲನ್ನು 205ಕ್ಕೇ ನಿಲ್ಲಿಸುತ್ತೇನೆ, ಉಳಿದದ್ದನ್ನು ಬೆಂಕಿಯೇ ಕೊರೆಯಲಿ. ಲ್ಯಾಂಡ್ಸ್‌ನಿಂದ ಎಷ್ಟು ಜಂಪ್ (ಗುಂಡಿಗೂ ಲ್ಯಾಂಡ್ಸ್‌ಗೂ ನಡುವಿನ ಅಂತರ) ಅಂತ ಮಾತ್ರ ಕೇಳಬೇಡಿ, ಫೆಬ್ರವರಿ ಮ್ಯಾಚ್ ಮುಗಿಯಲಿ.