ಊಟ ಸೇರಿ ಇಡೀ ದಿನದ ದ್ವೀಪ ಸುತ್ತಾಟ: ನಾಲ್ಕನೇ ಸಲಕ್ಕೆ ಕೈ ಹತ್ತಿತು

ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ 14 ಜನರನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಬೆಳಗಿನಿಂದ ಸಂಜೆವರೆಗೆ ಬೋಟಲ್ಲಿ ಸುತ್ತಿಸಿ, ಮಧ್ಯಾಹ್ನ ಹೊಟ್ಟೆ ತುಂಬ ಊಟ ಹಾಕಿಸಿ, ಮರುದಿನ ಬೆಳಗಿನ ಜಾವ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇಳಿಸಿದೆ. ಒಬ್ಬರಿಗೂ ವಾಂತಿ ಆಗಲಿಲ್ಲ. ಕೈಯಲ್ಲಿ ಆರು ಸಾವಿರ ಚಿಲ್ಲರೆ ಉಳಿಯಿತು. "ಬಯಲುಸೀಮೆ ಜನರನ್ನ ಇಡೀ ದಿನ ನೀರಿನ ಮೇಲೆ ಕೂರಿಸೋದು ಆಗೋ ಮಾತಲ್ಲ, ಒಂದು ಗಂಟೆ ರೌಂಡ್ ಹೊಡೆಸಿ ಬೀಚಲ್ಲಿ ಬಿಟ್ಟುಬಿಡು" ಎಂದು ಮೂರು ವರ್ಷದಿಂದ ಹೇಳುತ್ತಿದ್ದ, ನನ್ನ ಹಾಗೇ ಟ್ರಿಪ್ ಮಾಡಿಸುವ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಟಿಟಿ (ಟೆಂಪೋ ಟ್ರಾವೆಲರ್) ಬುಕ್ ಮಾಡುವುದು, ಅಡ್ವಾನ್ಸ್ ತಗೊಳ್ಳುವುದು, ಕೊನೆ ಗಳಿಗೆಯಲ್ಲಿ ಕೈಕೊಡುವವರನ್ನು ಸಂಭಾಳಿಸುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ಜನರ ಹೆದರಿಕೆ ವಿಷಯ. ಕಾರವಾರದ ಎದುರಿಗಿರುವ ಕುರುಮಗಡ ದ್ವೀಪ ಅಂದ ತಕ್ಷಣ ನಮ್ಮ ಕಡೆಯವರು 2019ರ ಜನವರಿಯನ್ನೇ ನೆನೆಸಿಕೊಳ್ಳುತ್ತಾರೆ. ಅಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟ್ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಇದ್ದರು. ಆ ಸುದ್ದಿ ಓದಿದ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ. ಹಾಗಾಗಿ ಹೆದರುವವರಿಗೆ ನಾನು ಎದುರು ಮಾತಾಡುವುದಿಲ್ಲ. ಅವರ ಹೆದರಿಕೆ ಸರಿಯಾದದ್ದೇ. ಬನದ ಹುಣ್ಣಿಮೆ ಜಾತ್ರೆ ದಿನ ನಾನು ಗುಂಪು ಕರೆದುಕೊಂಡು ಹೋಗುವುದಿಲ್ಲ. ಬೋಟ್‌ನ ಪರವಾನಗಿಯಲ್ಲಿ ಎಷ್ಟು ಜನ ಎಂದು ಬರೆದಿದೆಯೋ ಅದರ ಮೂರನೇ ಎರಡು ಭಾಗ ಮಾತ್ರ ಹತ್ತಿಸುತ್ತೇನೆ. ಜಾಕೆಟ್ ಕಟ್ಟದೆ ಒಬ್ಬರೂ ಹತ್ತುವ ಹಾಗಿಲ್ಲ, ಸೆಲ್ಫಿಗೆ ಅಂತ ಬಿಚ್ಚುವ ಹಾಗೂ ಇಲ್ಲ. ಸಿಗುವ ಜಾಕೆಟ್‌ಗಳು ಮಕ್ಕಳಿಗೆ ದೊಡ್ಡವು, ತಲೆ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಮಕ್ಕಳ ಸೈಜಿನ ನಾಲ್ಕು ಜಾಕೆಟ್ ನಾನೇ ಕೊಂಡೆ, ಒಂದಕ್ಕೆ 900 ರೂಪಾಯಿ ಹತ್ರ ಬಿತ್ತು. ಈ ಕೆಲಸ ಮಾಡುವ ನಮ್ಮೂರಿನವರಲ್ಲಿ ಸ್ವಂತ ಜಾಕೆಟ್ ಇಟ್ಟುಕೊಂಡವರು ಬೇರೆ ಯಾರೂ ನನಗೆ ಸಿಕ್ಕಿಲ್ಲ.

ಇನ್ನು ನನ್ನ ಸೋಲುಗಳು. ಮೊದಲನೇ ಟ್ರಿಪ್ ಫೆಬ್ರವರಿಯಲ್ಲಿ, 16 ಜನ. ರಾತ್ರಿ 11ಕ್ಕೆ ಬಿಟ್ಟು ಬೆಳಗ್ಗೆ ಆರೂವರೆಗೆ ಕಾರವಾರ. ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ಎಂಟೂವರೆ. ನಮ್ಮ ಜನ ಬೆಣ್ಣೆ ದೋಸೆ ತಿಂದು ಬೆಳೆದವರು, ಬೆಳಗಿನ ತಿಂಡಿ ಗಟ್ಟಿಯಾಗೇ ಇರಬೇಕು. ಒಬ್ಬೊಬ್ಬರು ಮೂರು ನಾಲ್ಕು ಬನ್ಸ್ ತಿಂದರು. ಬೋಟ್ ಬಿಟ್ಟಾಗ ಹತ್ತೂವರೆ. ಕುರುಮಗಡ ಹತ್ತಿ ದೇವಸ್ಥಾನ ನೋಡಿ ಇಳಿಯುವಷ್ಟರಲ್ಲಿ ಹನ್ನೆರಡೂವರೆ ದಾಟಿತ್ತು, ಗಾಳಿ ಎದ್ದಿತ್ತು. ದೇವಗಡ ದ್ವೀಪದ ಲೈಟ್‌ಹೌಸ್ ಎದುರಿಗೆ ಲಂಗರು ಹಾಕಿ ಬೋಟಲ್ಲೇ ಊಟ ಬಡಿಸಬೇಕು ಎಂಬುದು ನನ್ನ ದೊಡ್ಡ ಆಸೆ. ಆ ಲೈಟ್‌ಹೌಸ್ 1864ರದ್ದು, ಬಂಡೆ ಮೇಲೆ ಬೆಳ್ಳಗೆ ನಿಂತಿರುತ್ತದೆ, ಅದನ್ನು ನೋಡುತ್ತಾ ಉಣ್ಣುವುದು ಎಷ್ಟು ಚಂದ ಅಲ್ವಾ ಅಂದುಕೊಂಡಿದ್ದೆ. ಆದರೆ ಓಡುವ ಬೋಟ್‌ಗಿಂತ ನಿಂತ ಬೋಟ್ ಜಾಸ್ತಿ ಹೊರಳುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಅಲೆ ಪಕ್ಕಕ್ಕೆ ಹೊಡೆಯಲು ಶುರುವಾಯಿತು. ಡೀಸೆಲ್ ವಾಸನೆ, ಅದರ ಮೇಲೆ ಬಿಸಿ ಸಾಂಬಾರ್ ವಾಸನೆ. ಹದಿನೈದು ನಿಮಿಷದಲ್ಲಿ ಒಂಬತ್ತು ಜನ ವಾಂತಿ ಮಾಡಿಕೊಂಡರು. ಒಬ್ಬರು ದೊಡ್ಡವರು ನನ್ನ ಕೈ ಹಿಡಿದು "ತಮ್ಮಾ, ದಡಕ್ಕೆ ಬಿಡಪ್ಪ" ಎಂದರು. ಊಟ ಅಷ್ಟೂ ಹಾಗೇ ಉಳಿಯಿತು. ತಲೆಗೆ 500 ವಾಪಸ್ ಕೊಟ್ಟೆ, ರಾತ್ರಿ ಊಟ ನನ್ನ ಕೈಯಿಂದಲೇ ಹಾಕಿಸಿದೆ. ಎಲ್ಲ ಸೇರಿ 14 ಸಾವಿರ ಹತ್ರ ಹೋಯಿತು.

ಎರಡನೇ ಸಲ ಊಟವನ್ನು ದಡಕ್ಕೆ ತಂದೆ. ದೇವಬಾಗ ಕಡೆ ಮರಳಲ್ಲಿ ಕೂತು ಉಣ್ಣೋಣ, ಪಾರ್ಸಲ್ ಒಂದು ಹೋಟೆಲಿನವರು ತಲುಪಿಸುತ್ತಾರೆ ಎಂದು ಮಾತಾಗಿತ್ತು. ಒಂದೂವರೆ ಗಂಟೆ ತಡ. ನಾವು ಕೂತ ಜಾಗದಲ್ಲಿ ನೆರಳೇ ಇಲ್ಲ. ಹದಿನೈದರಲ್ಲಿ ಆರು ಜನ ಸಸ್ಯಾಹಾರಿಗಳು, ಅವರ ಡಬ್ಬಿಯನ್ನು ಬಂಗುಡೆ ಫ್ರೈ ಜೊತೆ ಒಂದೇ ಚೀಲದಲ್ಲಿ ತುಂಬಿ ಕಳಿಸಿದ್ದರು. ಆ ಆರು ಜನ ಬಾಳೆಹಣ್ಣು ತಿಂದು ದಿನ ಕಳೆದರು. ಆಗ ಹೋಗಿದ್ದು ನಾಲ್ಕು ಸಾವಿರ. ಅದಕ್ಕಿಂತ ಹೆಚ್ಚಾಗಿ ಆ ಮನೆಗಳ ನಂಬಿಕೆ ಹೋಯಿತು.

ಮೂರನೇ ಸಲ ದಿನ ತಪ್ಪಿತು. ಹುಣ್ಣಿಮೆ ಮರುದಿನ ಹೋಗಿದ್ದೆ. ಇಳಿತ ಜಾಸ್ತಿ ಇತ್ತು, ಕುರುಮಗಡದಲ್ಲಿ ಇಳಿಯುವ ಕಡೆ ಪಾಚಿಗಟ್ಟಿದ ಬಂಡೆಗಳೆಲ್ಲ ಹೊರಗೆ ಬಂದಿದ್ದವು. ಒಬ್ಬ ಅಮ್ಮ ಜಾರಿ ಮೊಣಕಾಲು ಪೆಟ್ಟು ಮಾಡಿಕೊಂಡರು. ಎಕ್ಸ್‌ರೇ, ಔಷಧಿ ಸೇರಿ 1,800 ನಾನೇ ಕೊಟ್ಟೆ. ಮೂಳೆಗೆ ಏನೂ ಆಗಿರಲಿಲ್ಲ, ಪುಣ್ಯ. ವಾಪಸ್ ಬರುವಾಗ ಅಳಿವೆ ಬಾಯಲ್ಲಿ ಇನ್ನೊಂದು ಪಾಠ ಆಯಿತು. ಕಾಳಿ ನದಿಯ ನೀರು ಇಳಿತದ ಜೊತೆ ಹೊರಗೆ ಓಡುತ್ತಿರುವಾಗ ಎದುರಿಗೆ ಸಮುದ್ರದ ಅಲೆ ಬಂದರೆ ಆ ಜಾಗ ಕುದಿಯುವ ಎಸರಿನ ಹಾಗೆ ಆಗುತ್ತದೆ. ಬೋಟ್ ನಡೆಸುವ ತಾಂಡೇಲರು ಹುಷಾರಾಗಿ ತಂದರು. ಆದರೆ ಹಿಂದೆ ಕೂತ ಮಕ್ಕಳ ಮುಖ ನೋಡಿ ನನಗೆ ಸಂಕಟ ಆಯಿತು.

ಮನೆಗೆ ಬಂದು ಎರಡು ವಾರ ಯೋಚಿಸಿದೆ. ತಪ್ಪು ಬೋಟಲ್ಲಿ ಇರಲಿಲ್ಲ, ಜನರಲ್ಲೂ ಇರಲಿಲ್ಲ. ದಿನವನ್ನು ನಾನು ತಲೆಕೆಳಗಾಗಿ ಇಟ್ಟಿದ್ದೆ. ಆ ಕರಾವಳಿಯಲ್ಲಿ ಚಳಿಗಾಲದ ಬೆಳಗ್ಗೆ ನೆಲದಿಂದ ಸಮುದ್ರಕ್ಕೆ ತೆಳು ಗಾಳಿ, ನೀರು ಕೆರೆಯ ಹಾಗೆ ಇರುತ್ತದೆ. ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬೀಸುತ್ತದೆ, ಮಧ್ಯಾಹ್ನಕ್ಕೆ ಅಲೆ ಏಳುತ್ತದೆ. ಮೀನಿಗೆ ಹೋಗುವವರಿಗೆಲ್ಲ ಇದು ಗೊತ್ತು. ನಾನು ಮಾತ್ರ ಜನ ತಿಂಡಿ ತಿಂದು ರೆಡಿ ಆಗಲಿ ಎಂದು ಗಾಳಿ ಏಳುವ ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದೆ.

ಈಗ ಹೀಗೆ ಮಾಡುತ್ತೇನೆ. ಶುಕ್ರವಾರ ರಾತ್ರಿ ಎಂಟಕ್ಕೆ ದಾವಣಗೆರೆ ಬಿಡುವುದು. ಹುಬ್ಬಳ್ಳಿ, ಯಲ್ಲಾಪುರ, ಅರೆಬೈಲು ಘಟ್ಟ, ಅಂಕೋಲಾ ಮೇಲೆ ಕಾರವಾರ, 300 ಕಿಲೋಮೀಟರ್ ಹತ್ರ ಆಗುತ್ತದೆ. ಹಾವೇರಿ, ಶಿರಸಿ ಮೇಲೂ ಹೋಗಬಹುದು, ಆದರೆ ದೇವಿಮನೆ ಘಟ್ಟದ ಕೆಲಸಕ್ಕೆ ಅಂತ ಆಗಾಗ ರಸ್ತೆ ಬಂದ್ ಮಾಡಿದ್ದರು, ಅವತ್ತಿನಿಂದ ನನಗೆ ಹುಬ್ಬಳ್ಳಿ ದಾರಿಯೇ ರೂಢಿ. ಮೂರು ಗಂಟೆಗೆ ತಲುಪಿದರೆ ಎರಡು ರೂಮ್, ಚಾಪೆ ಹಾಸಿ ಎಲ್ಲರೂ ಎರಡೂವರೆ ಗಂಟೆ ಮಲಗಲೇಬೇಕು. ಘಟ್ಟದ ತಿರುವಿನಲ್ಲಿ ತಲೆ ತಿರುಗಿದವರು ಮಲಗದೆ ಬೋಟ್ ಹತ್ತಿದರೆ ಅರ್ಧ ಗಂಟೆ ತಡೆಯಲ್ಲ, ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಸ್ನಾನ ಸಂಜೆಗೆ. ಆರೂಕಾಲಿಗೆ ಎರಡೇ ಇಡ್ಲಿ, ಚಟ್ನಿ ಇಲ್ಲ, ಕಾಫಿ ಅರ್ಧ ಲೋಟ. ಬೈಯುತ್ತಾರೆ, ಬೈಯಲಿ.

ಆರೂ ಮುಕ್ಕಾಲಿಗೆ ಕೋಡಿಬಾಗ ಕಡೆಯಿಂದ ಬೋಟ್. 2024ರ ಆಗಸ್ಟ್‌ನಲ್ಲಿ ಕಾಳಿ ಮೇಲಿನ ಹಳೆ ಸೇತುವೆ ಕುಸಿದದ್ದು ನೆನಪಿರಬಹುದು, ಆ ಸೇತುವೆ ಇದ್ದ ಜಾಗವನ್ನು ನಾವು ಸಂಜೆ ನೋಡುತ್ತೇವೆ, ಬೆಳಗ್ಗೆ ನೇರ ಅಳಿವೆ ದಾಟುವುದು. ಸೂರ್ಯ ಮೇಲೆ ಬರುವಾಗ ಡಾಲ್ಫಿನ್ ಕಾಣಿಸುತ್ತವೆ, ನಮಗೂ ಸಿಕ್ಕಿವೆ. ಏಳೂ ಮುಕ್ಕಾಲಿಗೆ ಕುರುಮಗಡ. ಹೆಸರಿಗೆ ತಕ್ಕ ಹಾಗೆ ಆಮೆ ಬೆನ್ನಿನ ದ್ವೀಪ. ಅವತ್ತು ಇಳಿಯಲು ಬಿಡುತ್ತಾರಾ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಬಿಸಿಲು ಏರುವ ಮೊದಲೇ ಗುಡ್ಡ ಹತ್ತಿ ಇಳಿದರೆ ವಯಸ್ಸಾದವರಿಗೂ ಕಷ್ಟ ಆಗಲ್ಲ. ಆಮೇಲೆ ದೇವಗಡವನ್ನು ಒಂದು ಸುತ್ತು, ಇಳಿಯುವುದಿಲ್ಲ, ನಿಲ್ಲಿಸುವುದೂ ಇಲ್ಲ. ಅಂಜುದೀವ ದೂರದಿಂದ ಕಾಣುತ್ತದೆ. ಪ್ರತಿ ಸಲ ಯಾರಾದರೂ ಅಲ್ಲಿಗೆ ಹೋಗೋಣ ಎನ್ನುತ್ತಾರೆ. ವಾಸ್ಕೋ ಡ ಗಾಮ 1498ರಲ್ಲಿ ನಿಂತು ಹೋದ ದ್ವೀಪ ಅದು, ಲೆಕ್ಕಕ್ಕೆ ಗೋವಾದ್ದು, ಈಗ ನೌಕಾಪಡೆ ಕೈಯಲ್ಲಿದೆ. ಯಾವ ತಾಂಡೇಲರೂ ಆ ಕಡೆ ಮುಖ ತಿರುಗಿಸಲ್ಲ, ಕೇಳಲೂಬೇಡಿ. ಹನ್ನೊಂದಕ್ಕೆ ನದಿ ಒಳಗೆ ವಾಪಸ್. ಸಮುದ್ರದ ಕೆಲಸ ಅಲ್ಲಿಗೆ ಮುಗಿಯಿತು.

ಊಟ ಕಾಳಿ ನದಿಯ ನಡುಗಡ್ಡೆಯ ಒಂದು ಮನೆಯಲ್ಲಿ. ಅಲ್ಲಿಯವರು ಇಂಥ ನಡುಗಡ್ಡೆಯನ್ನು ಜೂಗ ಎನ್ನುತ್ತಾರೆ. ತೆಂಗಿನ ನೆರಳು, ಬಾವಿ ನೀರು, ಎಲ್ಲಕ್ಕಿಂತ ಮುಖ್ಯ ಹೆಣ್ಣುಮಕ್ಕಳಿಗೆ ಬಾಗಿಲು ಇರುವ ಶೌಚಾಲಯ. ಇಡೀ ದಿನ ಬೋಟ್ ಎನ್ನುವ ಯಾರೂ ಇದರ ಬಗ್ಗೆ ಮಾತೇ ಆಡಲ್ಲ. ಮೊದಲ ಮೂರು ಟ್ರಿಪ್‌ನಲ್ಲಿ ಹೆಂಗಸರು ನೀರು ಕುಡಿಯದೆ ಕೂತಿದ್ದರು, ಅದು ನನಗೆ ತಡವಾಗಿ ತಿಳಿಯಿತು. ಕುಡಿಯದೆ ಬಿಸಿಲಲ್ಲಿ ಕೂತರೆ ತಲೆನೋವು, ಆಮೇಲೆ ವಾಂತಿ. ಆ ಮನೆ ಹುಡುಕಲು ಎರಡು ಸಲ ಒಬ್ಬನೇ ಬಸ್ಸಲ್ಲಿ ಹೋಗಿ ಬಂದೆ. ಯಾವ ಮನೆ, ಯಾವ ಜೂಗ ಎಂದು ಮಾತ್ರ ಹೇಳಲ್ಲ. ತಾಂಡೇಲರ ನಂಬರೂ ಕೇಳಬೇಡಿ. ಅವೆರಡು ನನ್ನ ಬಂಡವಾಳ.

ಅಡುಗೆ ಎರಡು ಒಲೆಯಲ್ಲಿ. ಮೀನು ಹಿತ್ತಲಲ್ಲಿ, ಸಸ್ಯಾಹಾರ ಒಳಗೆ, ಸೌಟು ಪಾತ್ರೆ ಎಲ್ಲ ಬೇರೆ. ಮೀನು ತಿನ್ನುವವರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಹುಳಿ, ಸಿಕ್ಕ ದಿನ ಇಸ್ವಾಣ ಫ್ರೈ, ಸೋಲ್ ಕಡಿ. ಉಳಿದವರಿಗೆ ಬೆಳ್ತಿಗೆ ಅನ್ನ, ಸಾರು, ಅದರ ಜೊತೆ ಊರಿಂದಲೇ ಒಯ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮೀನಿನ ಊಟಕ್ಕೆ ತಲೆಗೆ 350, ಸಸ್ಯಾಹಾರಕ್ಕೆ 250 ಕೊಡುತ್ತೇನೆ. ಕಡಿಮೆಗೆ ಇಳಿಸಬಹುದು, ಇಳಿಸಲ್ಲ. ಎರಡನೇ ಸಲ ಬಾಳೆಹಣ್ಣು ತಿಂದು ಬಂದಿದ್ದವರಲ್ಲಿ ಇಬ್ಬರು ಡಿಸೆಂಬರ್‌ನಲ್ಲಿ ಮತ್ತೆ ಬಂದಿದ್ದರು. ಅವರು ಇನ್ನೊಂದು ರೊಟ್ಟಿ ಕೇಳಿದಾಗ ನನಗಾದ ಖುಷಿ ಹೇಳಕ್ಕಾಗಲ್ಲ.

ರೊಟ್ಟಿ ಬಗ್ಗೆ ಒಂದು ಪ್ರಯೋಗ ಮಾಡಿದ್ದೆ. ಕಡಲ ಗಾಳಿಗೆ ಕಟಕ ರೊಟ್ಟಿ ಎರಡೇ ಗಂಟೆಯಲ್ಲಿ ಚರ್ಮದ ಹಾಗೆ ಬಗ್ಗುತ್ತದೆ. ನಮ್ಮ ಮಂಡಕ್ಕಿ ಇನ್ನೂ ಬೇಗ ಮೆತ್ತಗಾಗುತ್ತದೆ, ಒಗ್ಗರಣೆ ಹಾಕಿದ್ದಂತೂ ಅರ್ಧ ಗಂಟೆ. ಪ್ಲಾಸ್ಟಿಕ್ ಚೀಲ, ಬಟ್ಟೆ, ಪೇಪರ್, ಸ್ಟೀಲ್ ಡಬ್ಬಿ, ನಾಲ್ಕರಲ್ಲೂ ಇಟ್ಟು ನೋಡಿದೆ. ಡಬ್ಬಿ ಗೆದ್ದಿತು, ಆದರೆ ಬರೀ ಡಬ್ಬಿ ಸಾಲದು, ಒಳಗೆ ಇನ್ನೊಂದು ವಸ್ತು ಹಾಕುತ್ತೇನೆ. ಅದು ಅಡುಗೆಮನೆಯಲ್ಲೇ ಇರುವಂಥದ್ದು, ನೀವೇ ಕಂಡುಕೊಳ್ಳಿ.

ವಾಂತಿಗೂ ನೋಡಿದೆ. ಮಾತ್ರೆ ತಗೊಂಡವರು, ಶುಂಠಿ ಬೆಲ್ಲ ಚೀಪಿದವರು, ಏನೂ ತಗೊಳ್ಳದವರು ಎಂದು ಬರೆದಿಟ್ಟುಕೊಂಡೆ. ಬೆಳಗಿನ ಬೋಟಲ್ಲಿ ಈ ಮೂರು ಗುಂಪಿನಲ್ಲೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮಧ್ಯಾಹ್ನದ ಬೋಟಲ್ಲಿ ಶುಂಠಿಯವರಲ್ಲೂ ಅರ್ಧ ಜನ ಮಲಗಿದರು. ಗಾಳಿ ಇಲ್ಲದ ಹೊತ್ತು ಹಿಡಿಯುವುದೇ ದೊಡ್ಡ ಔಷಧಿ. ಬಸ್ಸಲ್ಲೇ ವಾಂತಿ ಮಾಡುವವರು ಮಾತ್ರ ಡಾಕ್ಟರ್ ಕೇಳಿ ಮಾತ್ರೆ ತರಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ.

ದಿನ ಆರಿಸಲು ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಅಷ್ಟಮಿ ಆಸುಪಾಸಿನ ಶನಿವಾರ ಹಿಡಿಯಿರಿ. ಆಗ ನೀರು ಅಷ್ಟು ಏರಲ್ಲ, ಅಷ್ಟು ಇಳಿಯಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಮಾತ್ರ. ಮಕ್ಕಳ ರಜೆ ಏಪ್ರಿಲ್‌ನಲ್ಲಿ, ಆಗ ಮಾಡು ಎಂದು ಎಲ್ಲರೂ ಒತ್ತಾಯಿಸುತ್ತಾರೆ, ನಾನು ಒಪ್ಪಲ್ಲ.

ಊಟ ಆದ ಮೇಲೆ ಒಂದು ಗಂಟೆ ಚಾಪೆ ಮೇಲೆ ನಿದ್ದೆ. ಮೂರಕ್ಕೆ ಮತ್ತೆ ಬೋಟ್, ಈ ಸಲ ನದಿಯಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಸೇತುವೆ ಕೆಳಗೆ, ಸೂರ್ಯ ಮುಳುಗುವಾಗ ದೇವಬಾಗದ ಮರಳು. ಸಮುದ್ರದಲ್ಲಿ ಎಷ್ಟೇ ಗಾಳಿ ಇರಲಿ ಒಳಗೆ ಗೊತ್ತೇ ಆಗಲ್ಲ. ಜನಕ್ಕೆ ಇದೇ ಜಾಸ್ತಿ ಇಷ್ಟ ಆಗಿದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ತಲೆಗೆ 3,200, 14 ಜನ, 45 ಸಾವಿರಕ್ಕೆ ಸ್ವಲ್ಪ ಕಡಿಮೆ. ಟಿಟಿ, ಡ್ರೈವರ್ ಬಾಟಾ, ಟೋಲ್ ಸೇರಿ 20 ಸಾವಿರ. ಬೋಟ್ ಇಡೀ ದಿನಕ್ಕೆ 10 ಸಾವಿರ. ಊಟ ನಾಲ್ಕೂವರೆ, ರೂಮ್ ಎರಡೂವರೆ, ತಿಂಡಿ ಟೀ ಇತ್ಯಾದಿ ಒಂದೂವರೆ. ಬೋಟಿನವರು 22 ಜನ ಹಾಕಿ, ಅದೇ ರೇಟಿಗೆ ಬರುತ್ತೇವೆ ಎನ್ನುತ್ತಾರೆ. ಹಾಕಿದರೆ ಲಾಭ ಎರಡರಷ್ಟು ಆಗಬಹುದು. ಹಾಕಲ್ಲ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಕೂಡ ಮಾಡಿ ನೋಡಿದ್ದೇನೆ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಎಂಟೂ ಮುಕ್ಕಾಲು ಕೋಟಿ ವರ್ಷ ಹಳೆಯ ಕಂಬದಂಥ ಬಂಡೆಗಳು, ನೋಡಲೇಬೇಕು. ಆದರೆ ಫೆರಿಯಲ್ಲಿ ಹೋಗಿ ಬಂದರೆ ಅರ್ಧ ದಿನಕ್ಕೇ ಮುಗಿಯುತ್ತದೆ. ಈಗ ಹೊನ್ನಾವರದ ಮೇಲೆ ಕಣ್ಣು. ಶರಾವತಿ ಹಿನ್ನೀರು ಇದೆ, ಎದುರಿಗೆ ಕೆಳದಿ ಕಾಲದ ಕೋಟೆ ಇರುವ ಬಸವರಾಜ ದುರ್ಗ ಇದೆ. ಹೋದ ತಿಂಗಳು ಎರಡು ದಿನ ಸುತ್ತಿದೆ. ಬೋಟ್ ಸಿಕ್ಕಿದೆ, ರೇಟೂ ಮಾತಾಗಿದೆ. ಎರಡು ಒಲೆ ಹಚ್ಚುವ, ಬಾಗಿಲಿರುವ ಶೌಚಾಲಯದ ಮನೆ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಅಡ್ವಾನ್ಸ್ ತಗೊಳ್ಳಲ್ಲ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ.