ನೆತ್ತಿಯ ಮೇಲಿನ ಮೂರು ಗ್ಯಾಲಕ್ಸಿ: ಯಲಹಂಕದ ಹಿತ್ತಲಿನ ಅನುಭವ

ಬೆಂಗಳೂರಿನಲ್ಲಿ ಕೂತು ಗ್ಯಾಲಕ್ಸಿಯ ಫೋಟೋ ತೆಗೆಯೋಕೆ ಆಗುತ್ತಾ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಟೆಲಿಸ್ಕೋಪಿನ ವಿಷಯ ಅಲ್ಲ. ನಿಮ್ಮ ನೆತ್ತಿಯ ಮೇಲೆ ಏನು ಹಾದು ಹೋಗುತ್ತದೆ, ಅದನ್ನು ನೋಡಿಕೊಳ್ಳಿ.

ಯಲಹಂಕದ ನಮ್ಮ ಹಿತ್ತಲಿಗೆ ಮೂರು ಕಡೆ ಎರಡು ಮೂರು ಮಹಡಿಯ ಮನೆಗಳಿವೆ. ಅಲ್ಲಿ ನಿಂತರೆ ಬಾವಿಯೊಳಗಿಂದ ಮೇಲೆ ನೋಡಿದ ಹಾಗೆ. ದಿಗಂತ ಕಾಣುವುದಿಲ್ಲ, ತಲೆಯ ಮೇಲೆ ಒಂದು ತುಂಡು ಆಕಾಶ ಅಷ್ಟೇ. ಆದರೆ ಊರಿನ ಬೆಳಕು ಕಡಿಮೆ ಬೀಳುವುದೂ, ಗಾಳಿಯ ಪದರ ತೆಳ್ಳಗಿರುವುದೂ ಆ ತುಂಡಿನಲ್ಲೇ. ಗೋಡೆಗಳು ಬೀದಿದೀಪವನ್ನೂ ಗಾಳಿಯನ್ನೂ ತಡೆಯುತ್ತವೆ. ತಾರಸಿಗೆ ಹೋದರೆ ಆಕಾಶ ಜಾಸ್ತಿ ಸಿಗುತ್ತದೆ ನಿಜ, ಆದರೆ ಮನೆಯಲ್ಲಿ ಯಾರಾದರೂ ಮೆಟ್ಟಿಲು ಹತ್ತಿದರೂ ಚಿತ್ರ ಅಲುಗುತ್ತದೆ. ನನಗೆ ಹಿತ್ತಲೇ ಸರಿ.

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಸಿಂಹ ರಾಶಿಯ ಎಂ 65, ಎಂ 66 ಮತ್ತು ಎನ್‌ಜಿಸಿ 3628 ಎಂಬ ಮೂರು ಗ್ಯಾಲಕ್ಸಿಗಳ ಡೆಕ್ಲಿನೇಶನ್, ಅಂದರೆ ಆಕಾಶದ ಅಕ್ಷಾಂಶ, ಕೂಡ ಹೆಚ್ಚುಕಮ್ಮಿ 13 ಡಿಗ್ರಿ. ಅಂದರೆ ಅವು ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗುತ್ತವೆ. ಈ ಸೌಲಭ್ಯ ಲಂಡನ್ನಿನವರಿಗಿಲ್ಲ! ದೂರ ಸುಮಾರು ಮೂರೂವರೆ ಕೋಟಿ ಜ್ಯೋತಿರ್ವರ್ಷ. ಮೊದಲ ಎರಡನ್ನು ಫ್ರಾನ್ಸಿನ ಖಗೋಳಜ್ಞ ಶಾರ್ಲ್ ಮೆಸ್ಸಿಯೇ 1780ರಲ್ಲಿ ತನ್ನ ಪಟ್ಟಿಗೆ ಸೇರಿಸಿದ, ಎಂ ಅಂದರೆ ಅವನ ಹೆಸರೇ. ಮಂಕಾಗಿರುವ ಮೂರನೆಯದು ಅವನ ಪಟ್ಟಿಯಲ್ಲಿಲ್ಲ. ಅದನ್ನು 1784ರಲ್ಲಿ ಕಂಡವನು ವಿಲಿಯಂ ಹರ್ಷೆಲ್. ಮಳೆ ನಕ್ಷತ್ರಗಳ ಲೆಕ್ಕ ಗೊತ್ತಿರುವವರಿಗೆ ಜಾಗ ಹುಡುಕುವುದು ಸುಲಭ. ಮಘೆ ಆದ ಮೇಲೆ ಹುಬ್ಬೆ, ಆಮೇಲೆ ಉತ್ತರೆ ಅಲ್ವಾ? ಹುಬ್ಬೆಯ ಎರಡು ನಕ್ಷತ್ರಗಳಲ್ಲಿ ದಕ್ಷಿಣದ್ದನ್ನು ಹಿಡಿದು, ಇನ್ನೂ ಎರಡೂವರೆ ಡಿಗ್ರಿ ದಕ್ಷಿಣಕ್ಕೆ ಇಳಿದರೆ ಸಿಕ್ಕಿತು.

ಕಾಲ ಗೊತ್ತುಮಾಡಲು ಪಂಚಾಂಗ ಸಾಕು. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ದಿನ, ಯುಗಾದಿ ಅಮಾವಾಸ್ಯೆಯ ಮಾರನೆ ದಿನ. ಇವೆರಡರ ಆಸುಪಾಸಿನ ರಾತ್ರಿಗಳಲ್ಲಿ ಚಂದ್ರನ ಕಾಟ ಇರುವುದಿಲ್ಲ, ಸಿಂಹ ರಾಶಿ ಬಹುಪಾಲು ರಾತ್ರಿ ಮೇಲೇ ಇರುತ್ತದೆ, ಮೋಡವೂ ಕಡಿಮೆ. ನಡುವೆ ಬರುವ ಹೋಳಿ ಹುಣ್ಣಿಮೆಯ ಚಂದ್ರ ಬಂದು ಕೂರುವುದು ಇದೇ ಸಿಂಹದ ಹತ್ತಿರ. ಆಗ ಟೆಲಿಸ್ಕೋಪಿಗೆ ಹೊದಿಕೆ ಹಾಕಿ ಸುಮ್ನೆ ಮಲಗುತ್ತೇನೆ.

ನನ್ನದು 80 ಮಿಲಿಮೀಟರಿನ ಲೆನ್ಸ್ ಟೆಲಿಸ್ಕೋಪ್, ಫೋಕಲ್ ಲೆಂಗ್ತ್ 480. ಅದಕ್ಕೆ ತಣ್ಣಗಾಗಿಸುವ ಸೌಲಭ್ಯ ಇರುವ ಕಲರ್ ಕ್ಯಾಮೆರಾ. ಮೂರೂ ಗ್ಯಾಲಕ್ಸಿಗಳು ಒಂದೇ ಫ್ರೇಮಿನಲ್ಲಿ ಆರಾಮಾಗಿ ಕೂರುತ್ತವೆ. ತಲೆನೋವು ಇದ್ದದ್ದು ಟೆಲಿಸ್ಕೋಪನ್ನು ಹೊತ್ತು ಆಕಾಶದ ಜತೆ ತಿರುಗಿಸುವ ಮೌಂಟಿನದು. ಅದರ ಅಕ್ಷ ಧ್ರುವದ ಕಡೆಗೆ ತಿರುಗಿರಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ಇರುವುದೇ 13 ಡಿಗ್ರಿ ಎತ್ತರದಲ್ಲಿ, ಅದೂ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಅದಕ್ಕೆ ನೀನಾ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮೂರು ಬಿಂದುಗಳ ಅಲೈನ್‌ಮೆಂಟ್ ಮಾಡುತ್ತೇನೆ. ಆಕಾಶ ಕಾಣುವ ಕಡೆ ಮೂರು ಫೋಟೋ ತೆಗೆದು, ಅದರ ನಕ್ಷತ್ರಗಳ ಲೆಕ್ಕದಿಂದ ಅಕ್ಷ ಎಷ್ಟು ತಪ್ಪಿದೆ ಅಂತ ಅದೇ ಹೇಳುತ್ತದೆ. ಇನ್ನೊಂದು ತೊಡಕು: ಅಕ್ಷ ಇಷ್ಟು ಮಲಗಿದಾಗ ತೂಕದ ಬಿಲ್ಲೆಗಳು ಟ್ರೈಪಾಡಿನ ಕಾಲಿಗೆ ತಗಲುತ್ತವೆ. ನೆತ್ತಿ ನೋಡುವಾಗ ಕ್ಯಾಮೆರಾವೂ ತಗಲುವ ಹಾಗಿರುತ್ತದೆ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಗಿಡ್ಡ ಕಬ್ಬಿಣದ ಪೈಪು ಮಾಡಿಸಿ ಟ್ರೈಪಾಡಿಗೂ ಮೌಂಟಿಗೂ ನಡುವೆ ಕೂರಿಸಿದೆ. ಎರಡೂ ಸಮಸ್ಯೆ ಒಟ್ಟಿಗೆ ಹೋಯಿತು.

ಒಂದೊಂದು ಫ್ರೇಮಿಗೆ 60 ಸೆಕೆಂಡ್ ಮಾತ್ರ. ಊರಿನ ಆಕಾಶ ಎಷ್ಟು ಬೆಳಗಿರುತ್ತದೆ ಅಂದರೆ, ಅದಕ್ಕಿಂತ ಜಾಸ್ತಿ ತೆರೆದಿಟ್ಟು ಸಿಗುವುದು ಅಷ್ಟರಲ್ಲೇ ಇದೆ. ಇಂಥ ನೂರಾರು ಫ್ರೇಮನ್ನು ಆಮೇಲೆ ಒಂದರ ಮೇಲೊಂದು ಜೋಡಿಸುವುದರಿಂದ, ಬೇಕಾಗಿರುವುದು ಒಟ್ಟು ಗಂಟೆ. ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಕಾಣುವ ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಸಮಯ ಕೊಡಬೇಕು. ಒಂದು ಗಂಟೆಯಿಂದ ನಾಲ್ಕು ಗಂಟೆಗೆ ಹೋದಾಗ ಆಗುವ ಲಾಭ ಮತ್ತೆ ಸಿಗಬೇಕಾದರೆ ಹದಿನಾರು ಗಂಟೆ ಬೇಕು. ಹಲವು ರಾತ್ರಿ ಕೂರುವುದು ಇದಕ್ಕೇ. ಬೆಳಕು ತಡೆಯುವ ಫಿಲ್ಟರ್ ಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಹಳದಿ ಸೋಡಿಯಂ ದೀಪಗಳ ಕಾಲಕ್ಕೆ ಅದು ಸರಿ, ಆ ದೀಪದ ಬೆಳಕು ಕೆಲವೇ ಬಣ್ಣಗಳಲ್ಲಿ ಇರುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಸುರಿಯುತ್ತದೆ, ಗ್ಯಾಲಕ್ಸಿಯೂ ಎಲ್ಲ ಬಣ್ಣದಲ್ಲೇ ಹೊಳೆಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವುದು ಹೇಗೆ? ನಾನು ಆ ದುಡ್ಡು ಉಳಿಸಿದೆ.

ಉಳಿದದ್ದು ಹಿಂದಿನ ಮನೆಯ ಲೈಟು.

"ಅಜ್ಜಿ, ಹನ್ನೊಂದರ ಮೇಲೆ ಆ ಲೈಟ್ ಆರಿಸ್ತೀರಾ?" ಅಂತ ಕೇಳಿದೆ.

"ಕಳ್ಳರು ಬಂದ್ರೆ ಏನಪ್ಪಾ ಮಾಡೋದು?"

"ಬೆಳಗಿನ ತನಕ ನಾನು ಎದ್ದೇ ಇರ್ತೀನಲ್ಲ."

ಒಪ್ಪಿಕೊಂಡರು. ಆಮೇಲೆ ಕೆಲವು ರಾತ್ರಿ ಅವರೇ ಕಿಟಕಿಯಿಂದ "ಸಿಕ್ತಾ?" ಅಂತ ವಿಚಾರಿಸುತ್ತಿದ್ದರು.

ಒಂದು ಅಮಾವಾಸ್ಯೆಯ ಸರದಿ ಮುಗಿಯುವವರೆಗೆ ಕ್ಯಾಮೆರಾವನ್ನು ಟೆಲಿಸ್ಕೋಪಿನಿಂದ ಬಿಚ್ಚುವುದಿಲ್ಲ. ಹಾಗಾಗಿ ಫ್ರೇಮಿನ ಕೋನ ರಾತ್ರಿಯಿಂದ ರಾತ್ರಿಗೆ ಬದಲಾಗುವುದಿಲ್ಲ, ಕ್ಯಾಮೆರಾದ ಸೆನ್ಸರಿನ ಮುಂದಿನ ಗಾಜಿನ ಮೇಲಿನ ಧೂಳಿನ ಗುರುತೂ ಇದ್ದಲ್ಲೇ ಇರುತ್ತದೆ. ಆ ಗುರುತು ಅಳಿಸಲು ಬೇಕಾದ ಫ್ಲಾಟ್ ಫ್ರೇಮುಗಳನ್ನು, ಅಂದರೆ ಒಂದೇ ಸಮನೆ ಬೆಳಗಿದ ಖಾಲಿ ಫೋಟೋಗಳನ್ನು, ಬೆಳಗಾಗುವಾಗ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಬಿಗಿದು ತೆಗೆಯುತ್ತೇನೆ. ಒಗೆದ ಪಂಚೆ, ಎರಡು ಮಡಿಕೆ, ಸುಕ್ಕಿರಬಾರದು.

ಫ್ರೇಮು ಜೋಡಿಸುವ ಕೆಲಸ ಸಿರಿಲ್ ಎಂಬ ಸಾಫ್ಟ್‌ವೇರಿನಲ್ಲಿ. ಅದೂ ಉಚಿತ. ದೇವನಹಳ್ಳಿಗೆ ಬಂದು ಹೋಗುವ ವಿಮಾನಗಳ ಗೆರೆ ಸುಮಾರು ಫ್ರೇಮಿನಲ್ಲಿ ಇರುತ್ತವೆ. ಅವನ್ನು ಕೈಯಿಂದ ಆರಿಸಿ ಎಸೆಯುವುದು ಬೇಡ. ನೂರಾರು ಫ್ರೇಮಿನಲ್ಲಿ ಒಂದರಲ್ಲಿ ಮಾತ್ರ ಇರುವ ಗೆರೆಯನ್ನು ಸಿಗ್ಮಾ ಲೆಕ್ಕ, ಅಂದರೆ ಸರಾಸರಿಯಿಂದ ತೀರಾ ದೂರ ಇರುವುದನ್ನು ಬಿಡುವ ಲೆಕ್ಕ, ತಾನಾಗಿ ಹೊರಗಿಡುತ್ತದೆ. ಆದರೆ ಫ್ರೇಮಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಕಾಶದ ಹೊಳಪಿನಲ್ಲಿರುವ ಏರಿಳಿತವನ್ನು ಜೋಡಿಸುವ ಮೊದಲೇ, ಒಂದೊಂದು ಫ್ರೇಮಿನಲ್ಲೂ ಕಳೆಯಬೇಕು. ಗ್ಯಾಲಕ್ಸಿ ನೆತ್ತಿ ದಾಟಿದ ಕೂಡಲೇ ಮೌಂಟ್ ಮಗುಚಿಕೊಳ್ಳುತ್ತದೆ, ಚಿತ್ರ ತಲೆಕೆಳಗಾಗುತ್ತದೆ, ಹೊಳಪಿನ ದಿಕ್ಕೂ ತಿರುಗುತ್ತದೆ. ಎಲ್ಲ ಕಲಸಿದ ಮೇಲೆ ಬಿಡಿಸಲು ಹೋದರೆ ಗ್ಯಾಲಕ್ಸಿಯ ಅಂಚೇ ಹೋಗುತ್ತದೆ.

ಕೊನೆಗೆ ಸಿಕ್ಕ ಚಿತ್ರದಲ್ಲಿ ಎಂ 66ರ ಸುರುಳಿ ತೋಳು ಒಂದು ಕಡೆ ಎಳೆದ ಹಾಗೆ ಕಾಣುತ್ತದೆ. ನೆರೆಯ ಗ್ಯಾಲಕ್ಸಿಗಳ ಗುರುತ್ವ ಅದನ್ನು ಜಗ್ಗಿದೆ. ಪಕ್ಕದ ಎಂ 65 ಏನೂ ಆಗದವರ ಹಾಗೆ ಅಚ್ಚುಕಟ್ಟಾಗಿದೆ. ಅಂಚಿನಿಂದ ಕಾಣುವ ಎನ್‌ಜಿಸಿ 3628ರ ನಡುವೆ ಕಪ್ಪು ಧೂಳಿನ ಪಟ್ಟಿ ಚೆನ್ನಾಗಿ ಬಂದಿದೆ. ಅದಕ್ಕೆ ನಕ್ಷತ್ರಗಳ ಉದ್ದನೆಯ ಬಾಲವೊಂದಿದೆ, ಸುಮಾರು ಮೂರು ಲಕ್ಷ ಜ್ಯೋತಿರ್ವರ್ಷದ್ದು. ನನ್ನ ಚಿತ್ರದಲ್ಲಿ ಅದು ಇಲ್ಲ. ಇಲ್ಲಿಂದ ಇನ್ನಷ್ಟು ಗಂಟೆ ಸೇರಿಸಿ ಅದನ್ನು ಹಿಡಿಯುವ ಹಟಕ್ಕೆ ನಾನು ಹೋಗುವುದಿಲ್ಲ. ಅದಕ್ಕೆ ಊರು ಬಿಟ್ಟು ಕತ್ತಲೆಗೇ ಹೋಗಬೇಕು.